ಉಬ್ಬಸಕ್ಕೆ ಒಬ್ಬನೇ ಕಳ್ಳನಿಲ್ಲ

ಪುಣೆಯ ಹಡಪಸರ ದಾಟಿ ದಿವೆ ಘಾಟ್ ಹತ್ತಿದರೆ ಮೇಲಿನ ಬಯಲಿನಲ್ಲಿ ಸಾಸವಡ. ಕರ್ಹಾ ಹೊಳೆಯ ದಂಡೆ, ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿ, ಸುತ್ತಲಿನ ಪುರಂದರ ತಾಲ್ಲೂಕಿನಿಂದ ಬರುವ ಅಂಜೂರ, ಸೀತಾಫಲ. ಕನ್ನಡದವರಿಗೆ ಈ ಊರು ಗೊತ್ತಿರುವುದು ಹೆಚ್ಚಾಗಿ ಜೇಜುರಿಯ ದಾರಿಯಲ್ಲಿ ಚಹಾಕ್ಕೆ ನಿಲ್ಲುವ ಜಾಗವಾಗಿ. ಖಂಡೋಬಾ ನಮ್ಮ ಮೈಲಾರನೇ ತಾನೆ. ಅಲ್ಲಿನ ಭಕ್ತರ ‘ಯೇಳಕೋಟ್ ಯೇಳಕೋಟ್’ ನಮ್ಮ ‘ಏಳುಕೋಟಿ’ಯೇ. ಮಳೆಗಾಲ ಮುಗಿಯುವ ಹೊತ್ತಿಗೆ ಈ ದಾರಿ ಹಿಡಿದರೆ ರಸ್ತೆಯ ಎರಡೂ ಬದಿ, ಬೀಳುಬಿಟ್ಟ ಹೊಲ, ಕಟ್ಟಡ ಏಳಲಿರುವ ಖಾಲಿ ನಿವೇಶನ, ಎಲ್ಲೆಲ್ಲೂ ಒಂದೇ ಗಿಡ. ಗಜ್ಜರಿಯ ಎಲೆಯಂಥ ಎಲೆ, ಅಕ್ಕಿನುಚ್ಚು ಚೆಲ್ಲಿದಂಥ ಬಿಳಿ ಹೂವು. ಮರಾಠಿಗರು ಗಾಜರ್ ಗವತ್ ಅನ್ನುತ್ತಾರೆ. ನಮ್ಮಲ್ಲಿ ಅದು ಕಾಂಗ್ರೆಸ್ ಗಿಡ.

ಜೊತೆಗಿದ್ದ ಚಿಕ್ಕಮ್ಮ ಕಾರಿನ ಗಾಜು ಏರಿಸಿ, ಸೆರಗನ್ನು ಮೂಗಿಗೆ ಒತ್ತಿಕೊಂಡು ಹೇಳಿದ್ದು ಹೀಗೆ: “ಈ ಕಸಾ ಕಂಡ್ರ ಸಾಕು, ನನ್ನ ಮೂಗು ಸುರು ಆಗ್ತದ. ಹಿಂದಿಂದನ ದಮ್ಮು ಬರ್ತದ.” ವಿಜಯಪುರದ ಕಡೆಯವರ ದಮ್ಮು, ಮೈಸೂರು ಕಡೆಯ ಉಬ್ಬಸ, ಹಳೆಯ ಕನ್ನಡಿಗರ ಗೂರಲು ಎಲ್ಲವೂ ಒಂದೇ. ಅವರ ಮಾತಿನಲ್ಲಿ ಕಸವೇ ಕಳ್ಳ. ನೂರು ವರ್ಷಗಳ ವೈದ್ಯವಿಜ್ಞಾನ ಹೇಳುವ ಕಥೆ ಬೇರೆ. ಕಸ ಬಾಗಿಲು ತಟ್ಟುತ್ತದೆ, ಅಷ್ಟೆ. ಒಳಗೆ ದಾಂಧಲೆ ಎಬ್ಬಿಸುವವರು ಮನೆಯವರೇ. ಆ ಮನೆಯವರಲ್ಲಿ ಯಾರು ಎಂಬ ಹುಡುಕಾಟದಲ್ಲಿ ವಿಜ್ಞಾನಿಗಳು ಪ್ರತಿ ಸಲ ಒಬ್ಬನನ್ನು ಹಿಡಿದು ತಂದಿದ್ದಾರೆ. ಪ್ರತಿ ಸಲವೂ ಅವನ ಹಿಂದೆ ಇನ್ನೊಬ್ಬ ಇದ್ದ.

ಮೊದಲು ಗಿಡದ ಕಥೆ ಮುಗಿಸಿಬಿಡೋಣ. ಪಾರ್ಥೇನಿಯಂ ಎಂಬ ಈ ಗಿಡ ಭಾರತದಲ್ಲಿ ಮೊದಲು ಎಲ್ಲರ ಕಣ್ಣಿಗೆ ಬಿದ್ದದ್ದು ಇದೇ ಪುಣೆಯಲ್ಲಿ, 1955ರಲ್ಲಿ. ಸಸ್ಯವಿಜ್ಞಾನಿ ಆರ್. ಎಸ್. ರಾವ್ ಮರುವರ್ಷ ಅದನ್ನು ಭಾರತಕ್ಕೆ ಹೊಸದಾಗಿ ಬಂದ ಸಸ್ಯವೆಂದು ದಾಖಲಿಸಿದರು. ಅಮೆರಿಕದಿಂದ ಪಿ.ಎಲ್. 480 ಯೋಜನೆಯಲ್ಲಿ ಬಂದ ಗೋಧಿಯ ಜೊತೆ ಬೀಜ ಬಂತು ಎಂಬ ಮಾತು ಆಗಿನಿಂದ ಈಗಿನವರೆಗೂ ಚಾಲ್ತಿಯಲ್ಲಿದೆ. ಇನ್ನೂ ಹಿಂದಿನ ಮಾದರಿಗಳು ಸಸ್ಯಸಂಗ್ರಹಗಳಲ್ಲಿ ಸಿಕ್ಕಿರುವುದರಿಂದ ಗೋಧಿಯೊಂದರ ಮೇಲೆಯೇ ಆರೋಪ ಹೊರಿಸುವುದು ಕಷ್ಟ. ಒಂದು ಗಿಡ ಹದಿನೈದು, ಇಪ್ಪತ್ತು ಸಾವಿರ ಬೀಜ ಉದುರಿಸುತ್ತದೆ. ಎರಡು ದಶಕಗಳೊಳಗೆ ಅದು ಹೊಲದ ಕಳೆಯಷ್ಟೇ ಆಗಿ ಉಳಿಯದೆ ಚರ್ಮವೈದ್ಯರ ಸಮಸ್ಯೆಯೂ ಆಯಿತು. ಪುಣೆಯ ರೋಗಿಗಳ ಮುಖ, ಕತ್ತು, ಮೊಣಕೈ ಸಂದಿಗಳಲ್ಲಿ ಏಳುತ್ತಿದ್ದ ತುರಿಯ ಬಗ್ಗೆ ಲೋಣ್ಕರ್, ಮಿಚೆಲ್ ಮತ್ತು ಕಾಲ್ನನ್ 1974ರಲ್ಲಿ ಬರೆದ ಲೇಖನ ಇಂದಿಗೂ ಈ ವಿಷಯದ ಮೊದಲ ಮೆಟ್ಟಿಲು.

ನಂತರದ ಅಧ್ಯಾಯ ನಮ್ಮ ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಮತ್ತು ಪಿ. ಶ್ರೀರಾಮರಾವ್ ಅವರ ತಂಡ ಪಾರ್ಥೇನಿಯಂ ಪರಾಗದ ಸಾರವನ್ನು ರೋಗಿಗಳ ಮುಂಗೈಗೆ ಚುಚ್ಚಿ ನೋಡಿತು. 1991ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂಗಿನ ಅಲರ್ಜಿ ಇದ್ದವರಲ್ಲಿ ಶೇ 34 ಮಂದಿಯ ಚರ್ಮದ ಮೇಲೆ ಗಂಧೆ ಎದ್ದಿತು. ಉಬ್ಬಸದವರಲ್ಲಿ ಮಾತ್ರ ಶೇ 12. ಚಿಕ್ಕಮ್ಮನ ಮೂಗಿಗೆ ಕಾಂಗ್ರೆಸ್ ಗಿಡ ಕಾರಣವಿರಬಹುದು; ದಮ್ಮಿಗೂ ಅದೇ ಕಾರಣ ಅನ್ನಲು ಲೆಕ್ಕ ಅಷ್ಟು ಗಟ್ಟಿಯಾಗಿ ಒಪ್ಪುವುದಿಲ್ಲ. ಪರಾಗದ ಕಣ ದಪ್ಪ, ಅದರಲ್ಲಿ ಹೆಚ್ಚಿನ ಪಾಲು ಮೂಗಿನಲ್ಲೇ ಸಿಕ್ಕಿಬೀಳುತ್ತದೆ ಎಂಬುದು ಒಂದು ವಿವರಣೆ.

ಇಲ್ಲಿ ಇನ್ನೊಂದು ಗಂಟು ಇದೆ, ಅದನ್ನು ಬಿಡಿಸದೆ ಮುಂದೆ ಹೋಗುವ ಹಾಗಿಲ್ಲ. ಒಂದೇ ಗಿಡ ಎರಡು ರೋಗ ತರುತ್ತದೆ, ಎರಡರ ರಸಾಯನವೂ ಬೇರೆ. ಚರ್ಮದ ತುರಿಗೆ ಕಾರಣ ಗಿಡದ ಮೈಮೇಲಿನ ಕೂದಲುಗಳಲ್ಲಿರುವ ಪಾರ್ಥೆನಿನ್ ಎಂಬ ಸಣ್ಣ ಅಣು. ಅದರ ಮೇಲೆ ತಿರುಗಿಬೀಳುವವು ಟಿ ಕೋಶಗಳು; ತುರಿ ಏಳಲು ಒಂದೆರಡು ದಿನ ಬೇಕು. ಮೂಗು ಸೋರಿಸುವುದು ಪರಾಗದೊಳಗಿನ ಪ್ರೋಟೀನು. ಅದಕ್ಕೆ ಉತ್ತರ ಕೊಡುವುದು ಪ್ರತಿಕಾಯ, ಅದೂ ನಿಮಿಷಗಳಲ್ಲಿ. 1963ರಲ್ಲಿ ಜೆಲ್ ಮತ್ತು ಕೂಂಬ್ಸ್ ಮಾಡಿದ ವಿಂಗಡಣೆಯಲ್ಲಿ ಮೊದಲಿನದು ನಾಲ್ಕನೆಯ ಬಗೆ, ಎರಡನೆಯದು ಒಂದನೆಯ ಬಗೆ. ಸಾಸವಡದ ಅಂಜೂರದ ತೋಟದಲ್ಲಿ ಹಾಲು ತಾಗಿ, ಬಿಸಿಲು ಬಿದ್ದು, ಕೈ ಸುಟ್ಟಂತಾದರೆ ಅದು ಈ ಎರಡೂ ಅಲ್ಲ. ಅಂಜೂರದ ಹಾಲಿನಲ್ಲಿರುವ ಸೋರಲೆನ್ ಬಗೆಯ ವಸ್ತುಗಳು ಬಿಸಿಲಿನ ಜೊತೆ ಸೇರಿ ಚರ್ಮವನ್ನು ನೇರವಾಗಿಯೇ ಸುಡುತ್ತವೆ. ಆಡುಮಾತಿನಲ್ಲಿ ಮೂರಕ್ಕೂ ‘ಅಲರ್ಜಿ’ ಅಂದುಬಿಡುತ್ತೇವೆ.

ನಿಮಿಷಗಳಲ್ಲಿ ಏಳುವ ಆ ಒಂದನೆಯ ಬಗೆಯ ಗುಟ್ಟು ಬಯಲಾದದ್ದು ನಾಯಿಗಳ ಸಾವಿನಿಂದ. ಮೊನಾಕೊದ ದೊರೆಯ ಹಡಗಿನಲ್ಲಿ 1901ರಲ್ಲಿ ಸಮುದ್ರಯಾನ ಮಾಡಿದ್ದ ಶಾರ್ಲ್ ರಿಷೆ ಮತ್ತು ಪಾಲ್ ಪೋರ್ತಿಯೆ, ಕಡಲಜೀವಿಗಳ ವಿಷವನ್ನು ಸ್ವಲ್ಪ ಸ್ವಲ್ಪವೇ ಕೊಟ್ಟು ನಾಯಿಗಳಿಗೆ ರಕ್ಷಣೆ ಬರಿಸಲು ಹೊರಟಿದ್ದರು. ನೆಪ್ಚೂನ್ ಎಂಬ ದಷ್ಟಪುಷ್ಟ ನಾಯಿಗೆ ಮೊದಲ ಸಲ ಏನೂ ಆಗಲಿಲ್ಲ. 22 ದಿನ ಬಿಟ್ಟು ಮತ್ತೆ ಅಷ್ಟೇ ಕೊಟ್ಟರು. ನಾಯಿ ಏದುಸಿರು ಬಿಟ್ಟು, ನೆಲಕ್ಕುರುಳಿ, 25 ನಿಮಿಷದಲ್ಲಿ ಸತ್ತಿತು. ವಿಷ ಅಷ್ಟೇ ಇತ್ತು, ಬದಲಾಗಿದ್ದದ್ದು ನಾಯಿ. ರಕ್ಷಣೆಗೆ ತದ್ವಿರುದ್ಧವಾದ ಈ ಸ್ಥಿತಿಗೆ ರಿಷೆ ‘ಅನಾಫಿಲ್ಯಾಕ್ಸಿಸ್’ ಎಂದು ಹೆಸರಿಟ್ಟರು. 1913ರಲ್ಲಿ ನೊಬೆಲ್ ಬಂತು. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ‘ಅಲರ್ಜಿ’ ಎಂಬ ಪದ ಹುಟ್ಟಿಸಿದ್ದರು. ಬೇರೆ ಬಗೆಯ ಪ್ರತಿಕ್ರಿಯೆ, ಅಷ್ಟೇ ಅದರ ಅರ್ಥ. ಇಂದು ಇಷ್ಟವಿಲ್ಲದ ನೆಂಟರಿಗೂ ಅದೇ ಪದ ಬಳಸುತ್ತೇವೆ.

ಆ ಬದಲಾವಣೆ ಎಲ್ಲಿ ಕೂತಿರುತ್ತದೆ? 1921ರಲ್ಲಿ ಪ್ರೌಸ್ನಿಟ್ಸ್ ಎಂಬವರು, ಮೀನು ತಿಂದರೆ ಮೈತುಂಬ ಗಂಧೆ ಏಳುತ್ತಿದ್ದ ತಮ್ಮ ಸಹೋದ್ಯೋಗಿ ಕ್ಯೂಸ್ಟ್ನರ್ ಅವರ ರಕ್ತಸಾರವನ್ನು ತಮ್ಮ ಚರ್ಮಕ್ಕೆ ಚುಚ್ಚಿಕೊಂಡರು. ಮಾರನೆಯ ದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ಗಂಧೆ ಎದ್ದಿತು. ಅಂದರೆ ರಕ್ತದಲ್ಲಿ ಏನೋ ಇದೆ. ಆ ‘ಏನೋ’ ಕೈಗೆ ಸಿಗಲು ಇನ್ನೂ 45 ವರ್ಷ ಹಿಡಿಯಿತು. ಜಪಾನಿನಿಂದ ಅಮೆರಿಕದ ಡೆನ್ವರ್‌ಗೆ ಹೋಗಿದ್ದ ಕಿಮಿಶಿಗೆ ಮತ್ತು ತೆರುಕೊ ಇಶಿಜಾಕಾ ದಂಪತಿ 1966ರಲ್ಲಿ ಅದನ್ನು ಬೇರ್ಪಡಿಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನಿಕ್ ಬೇರೊಂದು ದಾರಿಯಲ್ಲಿ ಅದನ್ನೇ ತಲುಪಿದರು. ಅದೇ ಐಜಿಇ ಪ್ರತಿಕಾಯ. ಇಶಿಜಾಕಾ ದಂಪತಿ ಬಳಸಿದ್ದು ರ‍್ಯಾಗ್‌ವೀಡ್ ಎಂಬ ಅಮೆರಿಕನ್ ಕಳೆಯ ಅಲರ್ಜಿ ಇದ್ದವರ ರಕ್ತವನ್ನು. ರ‍್ಯಾಗ್‌ವೀಡ್ ಮತ್ತು ನಮ್ಮ ಕಾಂಗ್ರೆಸ್ ಗಿಡ ಒಂದೇ ಕುಟುಂಬದವು. ಒಂದರ ಪರಾಗಕ್ಕೆ ಸಿದ್ಧವಾದ ಪ್ರತಿಕಾಯ ಇನ್ನೊಂದನ್ನೂ ಗುರುತು ಹಿಡಿಯುತ್ತದೆ ಎಂದು ಬೆಂಗಳೂರಿನ ಅದೇ ತಂಡ ಆಮೇಲೆ ತೋರಿಸಿತು. ಇಲ್ಲಿ ಮೂಗು ಸೋರುವವರು ಅಮೆರಿಕಕ್ಕೆ ಮಗನ ಮನೆಗೆ ಹೋದ ಮೊದಲ ಶರತ್ಕಾಲದಲ್ಲೇ ಸೀನಲು ಶುರು ಮಾಡಿದರೆ, ಹೊಸ ಊರಿನ ಹವೆಯನ್ನೊಂದೇ ಬೈಯಬೇಕಾಗಿಲ್ಲ.

ಐಜಿಇ ಸ್ವತಃ ಏನನ್ನೂ ಒಡೆಯುವುದಿಲ್ಲ. ಅದು ಹೋಗಿ ಅಂಟಿಕೊಳ್ಳುವುದು ಮಾಸ್ಟ್ ಕೋಶಕ್ಕೆ. ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ, 1878ರಲ್ಲಿ, ಪಾಲ್ ಎರ್ಲಿಕ್ ಬಣ್ಣ ಹಾಕಿ ಗುರುತಿಸಿದ ಕೋಶ ಇದು. ಮೈತುಂಬ ಕಾಳು ತುಂಬಿಕೊಂಡಿದ್ದನ್ನು ನೋಡಿ, ಇದು ಚೆನ್ನಾಗಿ ಮೇದು ಕೊಬ್ಬಿದ ಕೋಶವೆಂದು ಆ ಹೆಸರಿಟ್ಟರು. ಆ ಕಾಳು ಆಹಾರವಲ್ಲ, ದಾಸ್ತಾನು. ಚರ್ಮ, ಮೂಗು, ಶ್ವಾಸನಾಳ, ಕರುಳು, ಅಂದರೆ ಹೊರಗಿನದು ಒಳಗೆ ಬರುವ ಕಡೆಯಲ್ಲೆಲ್ಲ ಈ ಕೋಶಗಳು ಕಾವಲು ಕೂತಿರುತ್ತವೆ. ಪರಾಗದ ಪ್ರೋಟೀನು ಬಂದು ಅಕ್ಕಪಕ್ಕದ ಎರಡು ಐಜಿಇಗಳನ್ನು ಜೋಡಿಸಿದ ಕೂಡಲೇ ದಾಸ್ತಾನು ಹೊರಕ್ಕೆ ಚೆಲ್ಲುತ್ತದೆ.

ಆ ದಾಸ್ತಾನಿನ ಮುಖ್ಯ ಸರಕು ಹಿಸ್ಟಮಿನ್. ಅದನ್ನು 1907ರಲ್ಲೇ ಪ್ರಯೋಗಾಲಯದಲ್ಲಿ ತಯಾರಿಸಿದ್ದರು. 1910ರಲ್ಲಿ ಹೆನ್ರಿ ಡೇಲ್ ಮತ್ತು ಲೇಡ್ಲಾ ಪ್ರಾಣಿಗಳಿಗೆ ಕೊಟ್ಟು ನೋಡಿದಾಗ ರಕ್ತದೊತ್ತಡ ಕುಸಿಯಿತು, ಗಿನಿಯಿಲಿಯ ಶ್ವಾಸನಾಳ ಬಿಗಿಯಿತು. ಥೇಟ್ ಅನಾಫಿಲ್ಯಾಕ್ಸಿಸ್. ಅದು ಮೈಯಲ್ಲೇ ಇದೆ ಎಂಬುದು 1927ರಲ್ಲಿ, ಮಾಸ್ಟ್ ಕೋಶದಲ್ಲೇ ಇದೆ ಎಂಬುದು 1953ರಲ್ಲಿ, ಸ್ಕಾಟ್ಲೆಂಡಿನ ಡಂಡೀಯಲ್ಲಿ ರೈಲಿ ಮತ್ತು ವೆಸ್ಟ್ ಅವರಿಂದ, ಖಚಿತವಾಯಿತು. ಹಿಸ್ಟಮಿನ್ ಏನು ಮಾಡುತ್ತದೆಂದು ನೋಡಲು ಪ್ರಯೋಗಾಲಯ ಬೇಡ. ಮುಂಗೈ ಮೇಲೆ ಉಗುರಿನಿಂದ ಗಟ್ಟಿಯಾಗಿ ಗೆರೆ ಎಳೆಯಿರಿ. ಮೊದಲು ಕೆಂಪು ಗೆರೆ, ಆಮೇಲೆ ಸುತ್ತ ಹರಡುವ ಕೆಂಪು, ಕೆಲವರಲ್ಲಿ ಅದರ ಮೇಲೆ ಉಬ್ಬು. ಥಾಮಸ್ ಲೂಯಿಸ್ 1920ರ ದಶಕದಲ್ಲಿ ವಿವರಿಸಿದ ಮೂರು ಹಂತಗಳು ಇವೇ. ರಕ್ತನಾಳ ಹಿಗ್ಗುತ್ತದೆ, ಅದರ ಗೋಡೆ ಸಡಿಲವಾಗಿ ನೀರು ಸೋರುತ್ತದೆ, ನರ ಕೆರಳಿ ತುರಿಸುತ್ತದೆ. ಇದನ್ನೇ ಮೂಗಿಗೆ ವರ್ಗಾಯಿಸಿದರೆ ಸೀನು ಮತ್ತು ನೀರು, ಕಣ್ಣಿಗೆ ವರ್ಗಾಯಿಸಿದರೆ ಕೆಂಪು ಮತ್ತು ಕಣ್ಣೀರು.

ಕಳ್ಳ ಸಿಕ್ಕ ಎಂದು ಎಲ್ಲರೂ ನಂಬಿದರು. ಪ್ಯಾರಿಸ್ಸಿನಲ್ಲಿ ದಾನಿಯೆಲ್ ಬೊವೆ 1937ರಿಂದ ಹಿಸ್ಟಮಿನ್ ತಡೆಯುವ ಅಣುಗಳನ್ನು ಹುಡುಕಿ ತೆಗೆದರು. 1957ರಲ್ಲಿ ಅವರಿಗೂ ನೊಬೆಲ್. ಗಂಧೆ ಇಳಿಯಿತು, ಮೂಗು ನಿಂತಿತು, ಮಾತ್ರೆ ತಿಂದವರು ಕಚೇರಿಯಲ್ಲಿ ತೂಕಡಿಸಿದರು. ಆದರೆ ಉಬ್ಬಸ ಮಾತ್ರ ಜಗ್ಗಲಿಲ್ಲ. ಗಿನಿಯಿಲಿಯ ನಾಳ ಬಿಗಿಯುವುದನ್ನು ತಡೆದ ಔಷಧ ಮನುಷ್ಯನ ನಾಳದ ಮುಂದೆ ಸೋತಿತು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದ ಅತ್ಯಂತ ಫಲವತ್ತಾದ ಸೋಲು ಇದು. ಶ್ವಾಸನಾಳವನ್ನು ಗಂಟೆಗಟ್ಟಲೆ ಹಿಡಿದಿಡುವ ಕೈ ಬೇರೆ ಯಾವುದೋ ಇದೆ ಎಂದು ಅದು ಸಾರಿತು.

ಆ ಕೈಯ ಗುರುತು ಅಷ್ಟು ಹೊತ್ತಿಗಾಗಲೇ ಒಂದು ಕಡೆ ಬಿದ್ದಿತ್ತು, ಅದೂ ನಾಗರಹಾವಿನ ವಿಷದ ನೆಪದಲ್ಲಿ. ಬರ್ಲಿನ್ನಿನಲ್ಲಿ ಯಹೂದಿ ಎಂಬ ಕಾರಣಕ್ಕೆ 1933ರಲ್ಲಿ ಕೆಲಸ ಕಳೆದುಕೊಂಡಿದ್ದ ವಿಲ್ಹೆಲ್ಮ್ ಫೆಲ್ಡ್‌ಬರ್ಗ್ ಮೆಲ್ಬರ್ನ್ ಸೇರಿದ್ದರು. ಅಲ್ಲಿ ಹಾವಿನ ವಿಷದ ಮೇಲೆ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಕೆಲ್ಲವೇ ಅವರ ಜೊತೆ ಸೇರಿ 1938ರಲ್ಲಿ ಗಿನಿಯಿಲಿಯ ಶ್ವಾಸಕೋಶದ ಮೂಲಕ ನಾಗರವಿಷ ಹರಿಸಿದರು. ಹೊರಬಂದ ದ್ರವವನ್ನು ಕರುಳಿನ ತುಂಡಿನ ಮೇಲೆ ಹಾಕಿದಾಗ ಅದು ಹಿಸ್ಟಮಿನ್ನಿಗೆ ಕುಗ್ಗುವಂತೆ ಥಟ್ಟನೆ ಕುಗ್ಗಲಿಲ್ಲ. ನಿಧಾನವಾಗಿ ಕುಗ್ಗಿತು, ಬಹಳ ಹೊತ್ತು ಹಾಗೇ ಇತ್ತು. ಏನೆಂದು ತಿಳಿಯದೆ ‘ನಿಧಾನ ಪ್ರತಿಕ್ರಿಯೆಯ ವಸ್ತು’ ಎಂದಷ್ಟೇ ಕರೆದರು. ಲಂಡನ್ನಿನ ಬ್ರಾಕಲ್‌ಹರ್ಸ್ಟ್ 1960ರಲ್ಲಿ, ಅಲರ್ಜಿಯಲ್ಲೂ ಅದೇ ಹೊರಬರುತ್ತದೆ, ಹಿಸ್ಟಮಿನ್ ತಡೆಗಳಿಗೆ ಅದು ಬಗ್ಗುವುದಿಲ್ಲ ಎಂದು ತೋರಿಸಿದರು. ಅದರ ರಚನೆ ತಿಳಿದದ್ದು 1979ರಲ್ಲಿ, ಸ್ಟಾಕ್‌ಹೋಮಿನ ಬೆಂಗ್ಟ್ ಸ್ಯಾಮುಯೆಲ್ಸನ್ ಅವರ ಪ್ರಯೋಗಾಲಯದಲ್ಲಿ. ಹೆಸರು ಲ್ಯೂಕೋಟ್ರೈಯೀನ್. ಒಂದು ನೆರಳಿಗೆ ಮೈ ಬರಲು ನಲವತ್ತೊಂದು ವರ್ಷ!

ಲ್ಯೂಕೋಟ್ರೈಯೀನ್ ದಾಸ್ತಾನಿನಲ್ಲಿ ಇರುವುದಿಲ್ಲ. ಕರೆ ಬಂದಾಗ ಬಿಸಿಬಿಸಿಯಾಗಿ ತಯಾರಾಗುತ್ತದೆ. ಕೋಶದ ಹೊರಪೊರೆಯ ಕೊಬ್ಬಿನಿಂದ ಅರಾಕಿಡಾನಿಕ್ ಆಮ್ಲ ಕಳಚಿಕೊಂಡು ಎರಡು ದಾರಿ ಹಿಡಿಯುತ್ತದೆ. ಒಂದು ದಾರಿಯಲ್ಲಿ ಪ್ರೊಸ್ಟಗ್ಲಾಂಡಿನ್‌ಗಳು, ಇನ್ನೊಂದರಲ್ಲಿ ಲ್ಯೂಕೋಟ್ರೈಯೀನ್‌ಗಳು. ಮನುಷ್ಯರಿಗೆ ಎಳೆಸಿ ನೋಡಿದ ಪ್ರಯೋಗಗಳಲ್ಲಿ ಇವು ಹಿಸ್ಟಮಿನ್ನಿಗಿಂತ ಸುಮಾರು ಸಾವಿರ ಪಟ್ಟು ಕಡಿಮೆ ಪ್ರಮಾಣದಲ್ಲೇ ನಾಳ ಬಿಗಿದವು. ಜೊತೆಗೆ ಕಫ ಸುರಿಸುತ್ತವೆ, ಒಳಗೋಡೆ ಊದಿಸುತ್ತವೆ. ಪ್ರೊಸ್ಟಗ್ಲಾಂಡಿನ್ ಕಡೆಯವರಲ್ಲಿ ಡಿ2 ಎಂಬುದು ಇವರ ಜೊತೆಗಾರ. ಇ2 ಎಂಬುದು ಮಾತ್ರ ಒಳ್ಳೆಯವನು, ಮಾಸ್ಟ್ ಕೋಶಗಳಿಗೆ ಲಗಾಮು ಹಾಕುತ್ತಾನೆ.

ಈ ಕವಲುದಾರಿಯಿಂದಲೇ ಒಂದು ಹಳೆಯ ಒಗಟು ಬಿಡಿಸಿಕೊಂಡಿತು. ಕೆಲವು ಉಬ್ಬಸದವರು ತಲೆನೋವಿಗೆಂದು ಆಸ್ಪಿರಿನ್ ನುಂಗಿದ ಗಂಟೆಯೊಳಗೆ ಉಸಿರು ಕಟ್ಟಿ ಆಸ್ಪತ್ರೆ ಸೇರುತ್ತಾರೆ. ಪ್ಯಾರಿಸ್ಸಿನ ವಿಡಾಲ್ 1922ರಲ್ಲೇ ಇದನ್ನು ಬರೆದಿದ್ದರು. ಇದು ಅಲರ್ಜಿ ಅಂದುಕೊಂಡವರಿಗೆ ಐಜಿಇ ಸಿಗಲೇ ಇಲ್ಲ. ಜಾನ್ ವೇನ್ 1971ರಲ್ಲಿ ಆಸ್ಪಿರಿನ್ ಪ್ರೊಸ್ಟಗ್ಲಾಂಡಿನ್ ದಾರಿಯನ್ನು ಮುಚ್ಚುತ್ತದೆಂದು ತೋರಿಸಿದ ಮೇಲೆ, ಪೋಲೆಂಡಿನ ಶ್ಚೆಕ್ಲಿಕ್ 1975ರಲ್ಲಿ ಗಂಟು ಬಿಚ್ಚಿದರು: ಆ ದಾರಿ ಮುಚ್ಚುವುದೇ ಉಬ್ಬಸಕ್ಕೆ ಕಾರಣ. ಲಗಾಮು ಹಿಡಿದಿದ್ದ ಇ2 ಇಲ್ಲವಾಗುತ್ತದೆ, ಆಚೆ ದಾರಿಯ ಲ್ಯೂಕೋಟ್ರೈಯೀನ್ ಉಕ್ಕುತ್ತದೆ ಎಂಬ ವಿವರ ಆಮೇಲೆ ತಿಳಿಯಿತು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಅದೇ ಗೇಟು ಮುಚ್ಚುವವು. ಉಬ್ಬಸದ ಜೊತೆಗೆ ಮೂಗಿನಲ್ಲಿ ಮಾಂಸ ಬೆಳೆದವರು ಔಷಧದ ಅಂಗಡಿಯಲ್ಲಿ ಮೈಕೈ ನೋವಿನ ಮಾತ್ರೆ ಕೇಳುವ ಮುನ್ನ ಇದನ್ನು ಹೇಳಿಕೊಳ್ಳಬೇಕು.

ಲ್ಯೂಕೋಟ್ರೈಯೀನ್ ತಡೆಯುವ ಮಾಂಟೆಲುಕಾಸ್ಟ್ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಉಪಯೋಗವಿದೆ, ಆದರೆ ಊಹಿಸಿದಷ್ಟಲ್ಲ. ಕಳ್ಳ ಸಿಕ್ಕ ಮೇಲೂ ಕಳ್ಳತನ ನಿಲ್ಲದ ಎರಡನೆಯ ಸಂದರ್ಭ ಇದು. ನಮ್ಮಲ್ಲಿ ಅದನ್ನು ಲೀವೊಸಿಟ್ರಿಜಿನ್ ಜೊತೆ ಬೆರೆಸಿ ಯಾವ ನೆಗಡಿಗೂ, ಯಾವ ಕೆಮ್ಮಿಗೂ ಬರೆಯುವ ರೂಢಿ ಬೆಳೆದಿದೆ. ವೈರಸ್ಸಿನ ಸಾದಾ ನೆಗಡಿಗೆ ಈ ಜೋಡಿಯಿಂದ ಹೆಚ್ಚೇನೂ ಆಗದು. ಮಾಂಟೆಲುಕಾಸ್ಟ್‌ನಿಂದ ಕೆಲವರಲ್ಲಿ ನಿದ್ದೆಗೇಡು, ಕೆಟ್ಟ ಕನಸು, ಖಿನ್ನತೆ ಕಾಣಿಸಬಹುದೆಂದು ಅಮೆರಿಕದ ಔಷಧ ಪ್ರಾಧಿಕಾರ 2020ರಲ್ಲಿ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಪೊಟ್ಟಣದ ಮೇಲೆ ಹಾಕಿಸಿತು. ಮಕ್ಕಳಿಗೆ ತಿಂಗಳುಗಟ್ಟಲೆ ಕೊಡುವ ಅಪ್ಪ ಅಮ್ಮಂದಿರಲ್ಲಿ ಎಷ್ಟು ಮಂದಿಗೆ ಈ ಮಾತು ತಲುಪಿದೆಯೋ.

ಈಗ ಚಿಕ್ಕಮ್ಮನ ಇನ್ನೊಂದು ಮಾತು. “ನಂದು ಹಳೇ ಈಸ್ನೋಫಿಲಿಯಾ” ಅನ್ನುತ್ತಾರೆ ಅವರು, ಆಸ್ತಮಾ ಎಂಬ ಪದವನ್ನು ಬಾಯಿಗೆ ತರದೆ. ಮದುವೆಯ ಮಾತುಕತೆಯಲ್ಲಿ ಆಸ್ತಮಾ ಎಂದರೆ ಗಂಡಿನವರು ಹಿಂದೆ ಸರಿಯುತ್ತಿದ್ದ ಕಾಲದ ಜಾಣ್ಮೆ ಅದು. ಪದಕ್ಕೆ ಒಂದು ಗಂಭೀರ ಹಿನ್ನೆಲೆಯೂ ಇದೆ. ಮದನಪಲ್ಲಿಯ ಕ್ಷಯ ಆಸ್ಪತ್ರೆಯ ಫ್ರಿಮೊಟ್ ಮೊಲರ್ ಮತ್ತು ಬಾರ್ಟನ್ 1940ರಲ್ಲಿ, ಮುಂಬೈಯ ವೈನ್‌ಗಾರ್ಟನ್ 1943ರಲ್ಲಿ, ರಾತ್ರಿ ಕೆಮ್ಮು, ಉಬ್ಬಸ, ರಕ್ತದಲ್ಲಿ ಇಸಿನೊಫಿಲ್ ಕೋಶಗಳ ಮಹಾಪೂರ ಕಾಣುವ ಒಂದು ಕಾಯಿಲೆಯನ್ನು ವರ್ಣಿಸಿದರು. ಅದು ಆನೆಕಾಲು ರೋಗದ ಹುಳುವಿಗೆ ಮೈ ತೋರುವ ಅತಿಕೋಪ ಎಂದು ಮುಂದೆ ಗೊತ್ತಾಯಿತು. ಅದಕ್ಕೆ ಕೊಡುವ ಹೆಟ್ರಜಾನ್ ಮಾತ್ರೆ 1940ರ ದಶಕದ ಕೊನೆಗೆ ಬಂದದ್ದು ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ. ಆ ರೋಗ ಈಗ ಅಪರೂಪ. ಹೆಸರು ಮಾತ್ರ ಸಾಮಾನ್ಯ ಉಬ್ಬಸದವರ ಮನೆಗಳಲ್ಲಿ ಉಳಿದುಕೊಂಡಿದೆ. ವಿಚಿತ್ರವೆಂದರೆ ಆ ತಪ್ಪು ಹೆಸರಿನಲ್ಲಿ ಅರ್ಧ ಸತ್ಯವಿದೆ.

ಪರಾಗ ಎಳೆದುಕೊಂಡ ಉಬ್ಬಸದ ರೋಗಿಗೆ ಹತ್ತು, ಹದಿನೈದು ನಿಮಿಷಕ್ಕೆ ಮೊದಲ ಬಿಗಿತ ಬರುತ್ತದೆ. ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಹಲವರಲ್ಲಿ ಆರೆಂಟು ಗಂಟೆ ಕಳೆದ ಮೇಲೆ ಮತ್ತೆ ಏಳುತ್ತದೆ, ಆಗ ಪರಾಗ ಹತ್ತಿರ ಎಲ್ಲೂ ಇರುವುದಿಲ್ಲ. ಮಧ್ಯಾಹ್ನ ಸಾಸವಡದಲ್ಲಿ ಸೀನಿದವರು ರಾತ್ರಿ ಮನೆಯಲ್ಲಿ ಎದ್ದು ಕೂರುವುದು ಇದಕ್ಕೇ. ಮೊದಲ ಅಲೆ ಹಿಸ್ಟಮಿನ್, ಲ್ಯೂಕೋಟ್ರೈಯೀನ್‌ಗಳದ್ದು. ಎರಡನೆಯದು ಅವು ಕರೆಸಿಕೊಂಡ ಇಸಿನೊಫಿಲ್‌ಗಳದ್ದು. ಈ ಕೋಶಗಳ ಕಾಳುಗಳಲ್ಲಿರುವ ಪ್ರೋಟೀನುಗಳು ಹುಳುಗಳನ್ನು ಕೊಲ್ಲಲು ಮಾಡಿಸಿಟ್ಟ ಆಯುಧಗಳು. ಹುಳು ಇಲ್ಲದಾಗ ನಾಳದ ಒಳಪದರವನ್ನೇ ಕಿತ್ತುಹಾಕುತ್ತವೆ. ಹಾಗೆ ಬೆತ್ತಲಾದ ನಾಳ ಅಗರಬತ್ತಿಗೂ, ತಣ್ಣೀರಿಗೂ, ಜೋರು ನಗುವಿಗೂ ಮುನಿಯುತ್ತದೆ. ಜೇಜುರಿಯಲ್ಲಿ ಭಂಡಾರ ಎರಚುವಾಗ ಉಸಿರು ಹಿಡಿಯುವ ಅನೇಕರಿಗೆ ಅರಿಶಿನದ ಅಲರ್ಜಿ ಇರುವುದಿಲ್ಲ. ಮೊದಲೇ ಹಸಿಯಾಗಿದ್ದ ನಾಳಕ್ಕೆ ಯಾವ ದೂಳಾದರೂ ಒಂದೇ.

ಈ ಕೋಶಗಳನ್ನು ಕರೆಯುವ ಓಲೆಗಳಿಗೆ ಸೈಟೊಕೈನ್ ಎಂದು ಹೆಸರು. ಐಜಿಇ ತಯಾರಿಸಲು ಹೇಳುವುದು ಇಂಟರ್‌ಲ್ಯೂಕಿನ್ 4, ಕಫ ಹೆಚ್ಚಿಸುವುದು 13, ಇಸಿನೊಫಿಲ್‌ಗಳನ್ನು ಮೂಳೆಮಜ್ಜೆಯಿಂದ ಹೊರಡಿಸಿ ಬದುಕಿಸಿಡುವುದು 5. ಮೂರನೆಯ ಕಳ್ಳ ಇವನೇ ಎಂದು 5ರ ಮೇಲೆ ಎಲ್ಲರ ಕಣ್ಣು ಬಿತ್ತು. 2000ದಲ್ಲಿ ಅದನ್ನು ತಡೆಯುವ ಮೆಪೊಲಿಜುಮ್ಯಾಬ್ ಎಂಬ ಪ್ರತಿಕಾಯವನ್ನು ಕೊಟ್ಟು ನೋಡಿದಾಗ ರಕ್ತದ ಇಸಿನೊಫಿಲ್ ಮಾಯವಾಯಿತು, ಉಬ್ಬಸ ಇದ್ದಂತೆಯೇ ಇತ್ತು. ಔಷಧ ಮೂಲೆ ಸೇರುವುದರಲ್ಲಿತ್ತು. 2009ರಲ್ಲಿ ಎರಡು ತಂಡಗಳು, ಸ್ಟೀರಾಯ್ಡ್ ಕೊಟ್ಟರೂ ಇಸಿನೊಫಿಲ್ ಇಳಿಯದ, ಪದೇ ಪದೇ ಜೋರಾಗಿ ಉಬ್ಬಸ ಬರುವ ರೋಗಿಗಳನ್ನಷ್ಟೇ ಆರಿಸಿ ಮತ್ತೆ ಪ್ರಯತ್ನಿಸಿದವು. ಆಗ ಕೆಲಸ ಮಾಡಿತು. 2015ರಲ್ಲಿ ಒಪ್ಪಿಗೆಯೂ ಸಿಕ್ಕಿತು. ಐಜಿಇಯನ್ನೇ ಹಿಡಿಯುವ ಒಮಾಲಿಜುಮ್ಯಾಬ್ 2003ರಲ್ಲೇ ಬಂದಿತ್ತು. ನಾಳದ ಒಳಪದರದಿಂದ ಹೊರಡುವ ಮೊದಲ ಓಲೆಯನ್ನೇ ತಡೆಯುವ ಟೆಜೆಪೆಲುಮ್ಯಾಬ್ 2021ರಲ್ಲಿ ಬಂತು. ಈ ಸೂಜಿಗಳ ಬೆಲೆ ಕೇಳಿದರೆ ಸಾಸವಡದ ಅಂಜೂರದ ಬೆಳೆಗಾರನಿಗೂ ಬೇರೆ ಬಗೆಯಲ್ಲಿ ಉಸಿರು ಕಟ್ಟುತ್ತದೆ. ವೈದ್ಯರು ಕಲಿತ ಪಾಠ ಬೆಲೆಗಿಂತ ದೊಡ್ಡದು. ಉಬ್ಬಸ ಒಂದು ಲಕ್ಷಣದ ಹೆಸರು. ಅದರೊಳಗೆ ಹಲವು ರೋಗಗಳಿವೆ, ಕೆಲವು ಬಗೆಗಳಲ್ಲಿ ಇಸಿನೊಫಿಲ್ ಕಾಣುವುದೇ ಇಲ್ಲ.

ಆ ಇನ್ನೊಂದು ಬಗೆಗೆ ಪರಾಗಕ್ಕಿಂತ ಹೊಗೆ ಹತ್ತಿರದ ಸಂಬಂಧಿ. ಪುಣೆಯ ಸಂದೀಪ್ ಸಾಳ್ವಿ, ಲಂಡನ್ನಿನ ಪೀಟರ್ ಬಾರ್ನ್ಸ್ ಜೊತೆಗೂಡಿ, ಬೀಡಿ ಸಿಗರೇಟು ಮುಟ್ಟದವರಿಗೂ ಬರುವ ಶ್ವಾಸಕೋಶದ ದೀರ್ಘರೋಗದ ಬಗ್ಗೆ 2009ರಲ್ಲಿ ಲ್ಯಾನ್ಸೆಟ್‌ನಲ್ಲಿ ಬರೆದ ಸಮೀಕ್ಷೆ ಒಲೆಯ ಹೊಗೆಯನ್ನು ಮುಂದಕ್ಕೆ ತಂದು ನಿಲ್ಲಿಸಿತು. ಸೊಳ್ಳೆ ಬತ್ತಿಯ ಲೆಕ್ಕ ಇನ್ನೂ ದಿಗಿಲು ಹುಟ್ಟಿಸುತ್ತದೆ: 2003ರ ಒಂದು ಅಧ್ಯಯನದ ಪ್ರಕಾರ ಒಂದು ಸುರುಳಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮಕಣ. ಕಿಟಕಿ ಮುಚ್ಚಿ, ಮಗುವನ್ನು ಮಲಗಿಸಿ, ಮಂಚದ ಕೆಳಗೆ ನಾವು ಹಚ್ಚಿಡುವುದು ಅದನ್ನೇ. ಹೊಗೆ ಕೆರಳಿಸುವ ನ್ಯೂಟ್ರೊಫಿಲ್ ಕೋಶಗಳು ಸ್ಟೀರಾಯ್ಡಿಗೂ ಸುಲಭಕ್ಕೆ ಬಗ್ಗುವುದಿಲ್ಲ.

ಎಷ್ಟು ಜನರಿಗೆ ಉಬ್ಬಸ ಎಂಬ ಪ್ರಶ್ನೆಗೆ ಉತ್ತರ ಯಾರನ್ನು ಎಣಿಸಿದರು ಎಂಬುದರ ಮೇಲಿದೆ. ಬೆಂಗಳೂರಿನ ಮಕ್ಕಳ ಶ್ವಾಸತಜ್ಞ ಎಚ್. ಪರಮೇಶ್ 18 ವರ್ಷದೊಳಗಿನ 20,000 ಮಕ್ಕಳಲ್ಲಿ ಮಾಡಿದ ಲೆಕ್ಕದಲ್ಲಿ 1979ರಲ್ಲಿ ಶೇ 9 ಇದ್ದ ಉಬ್ಬಸ 1999ಕ್ಕೆ ಶೇ 29.5 ಆಗಿತ್ತು. ಪತ್ರಿಕೆಗಳು ಇದನ್ನು ‘ಬೆಂಗಳೂರಿನ ಮೂರರಲ್ಲೊಂದು ಮಗುವಿಗೆ ಆಸ್ತಮಾ’ ಎಂದು ಬರೆದದ್ದುಂಟು. ಅವು ಆಸ್ಪತ್ರೆಗೆ ಬಂದ ಮಕ್ಕಳ ಅಂಕಿಗಳು. ಎಸ್. ಕೆ. ಜಿಂದಾಲ್ ನೇತೃತ್ವದ ಇನ್‌ಸರ್ಚ್ ಸಮೀಕ್ಷೆ ಮೈಸೂರೂ ಸೇರಿದಂತೆ 12 ಕೇಂದ್ರಗಳಲ್ಲಿ ಮನೆಮನೆಗೆ ಹೋಗಿ 1,69,575 ವಯಸ್ಕರನ್ನು ಕೇಳಿ 2012ರಲ್ಲಿ ಕೊಟ್ಟ ಅಂಕಿ ಶೇ 2.05. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ. ಆದರೂ ಒಂದೇ ಆಸ್ಪತ್ರೆಯ ಬಾಗಿಲಲ್ಲಿ ಇಪ್ಪತ್ತು ವರ್ಷ ಕೂತು ಎಣಿಸಿದಾಗ ಕಂಡ ಏರಿಕೆಯನ್ನು ತಳ್ಳಿಹಾಕುವಂತೆಯೂ ಇಲ್ಲ, ಆ ಇಪ್ಪತ್ತು ವರ್ಷಗಳಲ್ಲಿ ಬೆಂಗಳೂರಿನ ವಾಹನಗಳು ಏನಾದವು ಎಂಬುದು ನಮಗೆಲ್ಲ ಗೊತ್ತಲ್ಲ.

ಚಿಕಿತ್ಸೆಯ ಕಡೆ ತಿರುಗಿದರೆ ಒಂದು ವಿಡಂಬನೆ ಎದುರಾಗುತ್ತದೆ. ಒಬ್ಬೊಬ್ಬ ಕಳ್ಳನನ್ನು ಹುಡುಕಿ ತಂದ ಔಷಧಗಳು ಎಷ್ಟೇ ಜಾಣವಾಗಿದ್ದರೂ, ಅತಿ ಹೆಚ್ಚು ಜನರನ್ನು ಉಳಿಸುವುದು ಯಾರೆಂದು ಕೇಳದೆ ಎಲ್ಲರ ಬಾಯಿ ಮುಚ್ಚಿಸುವ ಹಳೆಯ ಸ್ಟೀರಾಯ್ಡ್. ಅದು ಕೋಶದ ಒಳಹೊಕ್ಕು ಇಂಟರ್‌ಲ್ಯೂಕಿನ್‌ಗಳ ಓಲೆಗಳನ್ನು ಬರೆಯುವ ಜೀನುಗಳನ್ನೇ ಆರಿಸುತ್ತದೆ. 1972ರಲ್ಲಿ ಬೆಕ್ಲೊಮೆಥಸೋನ್ ಸೇದುವ ರೂಪದಲ್ಲಿ ಬಂದ ಮೇಲೆ ಮೈಗೆಲ್ಲ ಹೋಗುವ ಕೆಡುಕು ಬಹಳ ಕಡಿಮೆಯಾಯಿತು. ನಮ್ಮ ಮೈಯೂ ಇದೇ ಬಗೆಯ ಕಾರ್ಟಿಸಾಲನ್ನು ತಯಾರಿಸುತ್ತದೆ, ಆದರೆ ನಡುರಾತ್ರಿ ಅದು ತಳ ಮುಟ್ಟಿರುತ್ತದೆ. ಬೆಳಗಿನ ಜಾವ ಮೂರು ನಾಲ್ಕಕ್ಕೆ ಉಬ್ಬಸದವರ ಮನೆಯಲ್ಲಿ ದೀಪ ಹತ್ತುವುದಕ್ಕೆ ಇದೂ ಒಂದು ಕಾರಣ.

“ಪಂಪು ಬ್ಯಾಡ, ಚಟಾ ಆಗ್ತದ, ಗುಳಿಗಿ ಕೊಡ್ರಿ.” ಈ ಮಾತನ್ನು ಕೇಳದ ವೈದ್ಯರು ಹುಬ್ಬಳ್ಳಿಯಿಂದ ಪುಣೆಯವರೆಗೆ ಒಬ್ಬರೂ ಇರಲಾರರು. ಲೆಕ್ಕ ನೋಡಿ. ಸಾಲ್ಬುಟಮಾಲ್ ಗುಳಿಗೆಯಲ್ಲಿ 4 ಮಿಲಿಗ್ರಾಂ. ಪಂಪಿನ ಒಂದು ಒತ್ತಿಗೆ 100 ಮೈಕ್ರೊಗ್ರಾಂ, ಅಂದರೆ ಅದರ ನಲವತ್ತನೆಯ ಒಂದು ಪಾಲು. ಗುಳಿಗೆ ಹೊಟ್ಟೆ, ರಕ್ತ, ಹೃದಯ ಎಲ್ಲ ಸುತ್ತಿ ಕೈ ನಡುಗಿಸಿ ನಾಳಕ್ಕೆ ಬರುತ್ತದೆ, ಪಂಪು ನೇರ. ಭಯಪಡಬೇಕಾದದ್ದು ಬೇರೆ ಕಡೆ ಇದೆ. ನೀಲಿ ಬಣ್ಣದ ಈ ತುರ್ತು ಪಂಪು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಹಿಂದಿನ ಉರಿಯೂತವನ್ನು ಮುಟ್ಟುವುದೇ ಇಲ್ಲ. ಅದನ್ನೊಂದನ್ನೇ ನೆಚ್ಚಿಕೊಂಡವರು ಸಾಯುವ ಸಾಧ್ಯತೆ ಹೆಚ್ಚು ಎಂಬ ಆಧಾರದ ಮೇಲೆ ಆಸ್ತಮಾದ ಜಾಗತಿಕ ಮಾರ್ಗಸೂಚಿ ಗೀನಾ 2019ರಲ್ಲಿ ಐದು ದಶಕಗಳ ರೂಢಿಯನ್ನು ಮುರಿಯಿತು. ಹನ್ನೆರಡು ವರ್ಷ ದಾಟಿದ ಯಾರಿಗೂ, ಉಬ್ಬಸ ಎಷ್ಟೇ ಸೌಮ್ಯವಾಗಿದ್ದರೂ, ಸ್ಟೀರಾಯ್ಡ್ ಇಲ್ಲದೆ ಬರೀ ಅದನ್ನು ಕೊಡಬಾರದು ಎಂದಿತು. ಚಿಕ್ಕಮ್ಮನ ಪರ್ಸಿನಲ್ಲಿದ್ದದ್ದು ಬರೀ ನೀಲಿ ಪಂಪು.

ಅನಾಫಿಲ್ಯಾಕ್ಸಿಸ್ ವಿಷಯದಲ್ಲೂ ಇದೇ ಎಡವಟ್ಟು. ಜೇನು ಕಚ್ಚಿ, ಇಲ್ಲವೇ ಸೂಜಿಮದ್ದು ಮೈಗೆ ಹಿಡಿಸದೆ, ಮೈಯೆಲ್ಲ ಗಂಧೆ ಎದ್ದು ತಲೆಸುತ್ತಿ ಬಿದ್ದವರಿಗೆ ಸಣ್ಣ ಊರುಗಳಲ್ಲಿ ಮೊದಲು ಸಿಗುವುದು ಹಿಸ್ಟಮಿನ್ ತಡೆಯುವ ಏವಿಲ್ ಸೂಜಿ. ಅಷ್ಟು ಹೊತ್ತಿಗೆ ಹಿಸ್ಟಮಿನ್ ತನ್ನ ಕೆಲಸ ಮುಗಿಸಿ ಲ್ಯೂಕೋಟ್ರೈಯೀನ್, ಪ್ರೊಸ್ಟಗ್ಲಾಂಡಿನ್‌ಗಳ ಕೈಗೆ ಒಪ್ಪಿಸಿರುತ್ತದೆ. ಕುಸಿದ ರಕ್ತದೊತ್ತಡವನ್ನು ಎತ್ತಿ, ನಾಳ ಬಿಚ್ಚಿ, ಮಾಸ್ಟ್ ಕೋಶಕ್ಕೂ ಕಡಿವಾಣ ಹಾಕುವ ಮದ್ದು ಒಂದೇ, ತಾಕಮಿನೆ 1901ರಲ್ಲಿ ಹರಳು ಮಾಡಿ ತೆಗೆದ ಅಡ್ರಿನಲಿನ್. ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಸ್ನಾಯುವಿಗೆ, ತಡಮಾಡದೆ. ಅದರ ಒಂದು ಆಂಪ್ಯೂಲಿನ ಬೆಲೆ ಒಂದು ಊಟದ ಬೆಲೆಗಿಂತ ಕಡಿಮೆ. ನಾಗರಹಾವು ಕಚ್ಚಿದವರಿಗೆ ಕೊಡುವ ಪ್ರತಿವಿಷ ಕುದುರೆಯ ರಕ್ತದಿಂದ ಆದದ್ದು. ಅದನ್ನು ಏರಿಸುವಾಗ ಇಂಥ ಪ್ರತಿಕ್ರಿಯೆ ಎಷ್ಟು ಸಲ ಆಗುತ್ತದೆಂದರೆ, ಪಕ್ಕದಲ್ಲಿ ಅಡ್ರಿನಲಿನ್ ತುಂಬಿದ ಸಿರಿಂಜ್ ಇಲ್ಲದೆ ಬಾಟಲಿ ಹಚ್ಚಬಾರದು. ವಿಷದಿಂದ ಶುರುವಾದ ಕಥೆ ಪ್ರತಿವಿಷದವರೆಗೂ ಬಿಡುವುದಿಲ್ಲ.

ಗಿಡಕ್ಕೂ ಒಂದು ಮದ್ದು ಹುಡುಕಿದ್ದರು. ಮೆಕ್ಸಿಕೊದಿಂದ ತರಿಸಿದ ಜೈಗೊಗ್ರಾಮ ಎಂಬ ಜೀರುಂಡೆಯನ್ನು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 1984ರಲ್ಲಿ ಬೆಂಗಳೂರಿನ ಬಯಲಿಗೆ ಬಿಟ್ಟರು. ಮಳೆಗಾಲದಲ್ಲಿ ಅದು ಎಲೆಯನ್ನು ಜರಡಿ ಮಾಡುತ್ತದೆ, ಬೇಸಿಗೆಯಲ್ಲಿ ಮಣ್ಣೊಳಗೆ ಮಲಗುತ್ತದೆ, ಗಿಡ ಮಲಗುವುದಿಲ್ಲ. ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ದೇಶದಾದ್ಯಂತ ಪಾರ್ಥೇನಿಯಂ ಜಾಗೃತಿ ಸಪ್ತಾಹ. ಶಾಲೆಯ ಮಕ್ಕಳು ಸಾಲಾಗಿ ನಿಂತು ಗಿಡ ಕೀಳುವ ಫೋಟೊ ಮಾರನೆಯ ದಿನ ಪತ್ರಿಕೆಯಲ್ಲಿ ಬರುತ್ತದೆ. ಆ ಹೊತ್ತಿಗೆ ಸಾಸವಡದ ದಾರಿಯ ಗಿಡಗಳಲ್ಲಿ ಬಹಳಷ್ಟು ಹೂ ಬಿಟ್ಟಿರುತ್ತವೆ. ಕೀಳಬೇಕಾದದ್ದು ಹೂವಿಗೆ ಮೊದಲು, ಕೈಗವಸು ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಫೋಟೊಗಳಲ್ಲಿ ಮಕ್ಕಳ ಕೈ ಬರಿದಾಗಿರುತ್ತದೆ.